ಪರಿಮಳದ ಮನೆತನಗಳು



ಬೆಳಗಿನ ಎಂಟು ಗಂಟೆಯ ಹೊತ್ತಿಗೆ ಕುಂದಾಪುರದ ಬಸ್ಸು ನಿಲ್ದಾಣದಲ್ಲಿ ಒಂದು ಕ್ಷಣ ಕಣ್ಣು ಮುಚ್ಚಿ ನಿಂತರೆ, ಯಾವ ದಿಕ್ಕಿನಲ್ಲಿ ಏನಿದೆಯೆಂಬುದನ್ನು ನಮ್ಮ ಮೂಗೇ ಹೇಳಿಬಿಡುತ್ತದೆ. ಬೈಂದೂರಿನ ಕಡೆಯಿಂದ ಬಂದ ಬಸ್ಸಿನೊಳಗಿಂದ ಹೆಂಗಸರ ಮುಡಿಯ ಮಲ್ಲಿಗೆ ಮೊದಲು ಇಳಿಯುತ್ತದೆ, ಅವರು ಆಮೇಲೆ ಇಳಿಯುತ್ತಾರೆ. ಹೋಟೆಲಿನ ಬಾಗಿಲಿನಿಂದ ಕಾಫಿಯೂ ತೆಂಗಿನೆಣ್ಣೆಯೂ, ಗಂಗೊಳ್ಳಿಯ ಕಡೆಯ ಗಾಳಿಯಲ್ಲಿ ಮೀನೂ ಉಪ್ಪೂ, ಅಂಗಡಿಯ ದೇವರ ಪಟದ ಮುಂದಿನಿಂದ ಊದುಬತ್ತಿಯೂ ಬಂದು ಸೇರುತ್ತವೆ. ಇಷ್ಟೆಲ್ಲವನ್ನೂ ಮೂಗು ಬೇರೆ ಬೇರೆಯಾಗಿ ಗುರುತಿಸುತ್ತದೆ. ಆದರೆ ಗುರುತಿಸಿದುದನ್ನು ಮಾತಿನಲ್ಲಿ ಹೇಳಹೊರಟರೆ ನಾಲಗೆ ತಡವರಿಸುತ್ತದೆ. ಬಣ್ಣಗಳಿಗೆ ಕೆಂಪು, ಹಳದಿ, ಹಸುರು ಎಂಬ ಸ್ವಂತ ಹೆಸರುಗಳುಂಟು, ರುಚಿಗೆ ಷಡ್ರಸಗಳುಂಟು, ವಾಸನೆಗೆ ಮಾತ್ರ ಸ್ವಂತ ಹೆಸರಿಲ್ಲ. ಅದನ್ನು ಯಾವಾಗಲೂ ಅದರ ಒಡೆಯನ ಹೆಸರಿನಿಂದಲೇ ಕರೆಯಬೇಕು: ಮಲ್ಲಿಗೆಯ ವಾಸನೆ, ಮೀನಿನ ವಾಸನೆ, ಮಳೆ ಬಿದ್ದ ಮಣ್ಣಿನ ವಾಸನೆ.

ಹೆಸರಿಲ್ಲದ ವಸ್ತುಗಳನ್ನು ವಿಂಗಡಿಸುವುದು ಕಷ್ಟ. ವಿಂಗಡಿಸಲಾರದವುಗಳನ್ನು ಹದವಾಗಿ ಕೂಡಿಸುವುದು ಇನ್ನೂ ಕಷ್ಟ. ಸುಗಂಧವನ್ನು ರಚಿಸುವವರು ಈ ಕಷ್ಟವನ್ನು ದಾಟಲು ಪರಿಮಳಗಳನ್ನು ಮನೆತನಗಳಾಗಿ ಎಣಿಸುವ ಒಂದು ಕ್ರಮವನ್ನು ಕಂಡುಕೊಂಡಿದ್ದಾರೆ. ಆ ಕ್ರಮವೇನು, ಅದರಿಂದ ನಮ್ಮ ಕರಾವಳಿಗೆ ಪ್ರಯೋಜನವುಂಟೆ ಎಂಬುದೇ ಈ ದಿನದ ಭಾಷಣದ ವಿಷಯ. ನಾವು ರಸಾಯನಶಾಸ್ತ್ರದ ಪಾಠ ಹೇಳುವವರೇ ಹೊರತು ಅತ್ತರಿನ ವ್ಯಾಪಾರಿಗಳಲ್ಲ. ಈ ವಿಷಯದ ಕಡೆಗೆ ನಮ್ಮನ್ನು ಎಳೆದುದು ಒಂದು ಸಣ್ಣ ಸಂಗತಿ. ಅದನ್ನು ಮೊದಲು ನಿವೇದಿಸುತ್ತೇವೆ.

2020ನೆಯ ಇಸವಿಯ ಮಾರ್ಚಿ ತಿಂಗಳಿನಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ದೇಶವೆಲ್ಲ ಬಾಗಿಲು ಹಾಕಿಕೊಂಡು ಕುಳಿತದ್ದು ತಮಗೆಲ್ಲ ನೆನಪಿರಬಹುದು. ಮದುವೆಗಳು ನಿಂತವು, ಜಾತ್ರೆಗಳು ನಿಂತವು, ದೇವಾಲಯಗಳ ಸೇವೆಗಳು ನಿಂತವು. ಮಲ್ಲಿಗೆಯ ಗಿಡಕ್ಕೆ ಮಾತ್ರ ಈ ಸುದ್ದಿ ತಿಳಿಯಲಿಲ್ಲ. ಬೇಸಗೆ ಅದು ತುಂಬಿ ಬಿಡುವ ಕಾಲ. ಶಂಕರಪುರದಿಂದ ಹಿಡಿದು ಬ್ರಹ್ಮಾವರದ ಸುತ್ತಮುತ್ತಲವರೆಗೆ ಮನೆಯ ಅಂಗಳದಲ್ಲಿಯೂ ಹಿತ್ತಿಲಿನಲ್ಲಿಯೂ ಈ ಗಿಡಗಳನ್ನು ಸಾಕಿ, ನಸುಕಿನಲ್ಲಿ ಮೊಗ್ಗು ಕೊಯ್ದು, ಬಾಳೆಯ ನಾರಿನಲ್ಲಿ ಕಟ್ಟಿ ಮಾರುವವರಲ್ಲಿ ಹೆಂಗಸರೇ ಹೆಚ್ಚು. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಎಂದರೆ 3,200 ಮೊಗ್ಗು. ಇದು ಅವರ ಲೆಕ್ಕ. ಅಟ್ಟೆಯ ದರ ದಿನದಿನಕ್ಕೆ ಏರುವುದು, ಇಳಿಯುವುದು. ಆ ಮಾರ್ಚಿಯಲ್ಲಿ ದರವೆಂಬುದೇ ಇಲ್ಲವಾಯಿತು.

ಬ್ರಹ್ಮಾವರದ ಸಮೀಪದ ಒಂದು ಹಳ್ಳಿಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಮನೆ. ಅವನ ತಾಯಿ ಮಲ್ಲಿಗೆಯ ಆದಾಯದಿಂದಲೇ ಅವನನ್ನು ಓದಿಸಿದವರು. ನಿರ್ಬಂಧ ಸಡಿಲಿದ ಮೇಲೆ ನಾವು ಅಲ್ಲಿಗೆ ಹೋದಾಗ ಆ ತಾಯಿ ತೆಂಗಿನ ಬುಡದಲ್ಲಿ ಕಂದುಬಣ್ಣಕ್ಕೆ ತಿರುಗಿದ್ದ ಹೂವಿನ ರಾಶಿಯನ್ನು ತೋರಿಸಿ, "ಹೂವಿಗೆ ಒಂದೇ ದಿನ ಆಯಸ್ಸ್, ಮಾಷ್ಟ್ರೆ. ನಾಳಿಗೆ ಅದ್ ಕಸ ಅಲ್ದಾ?" ಎಂದರು. ಅವರ ಮಾತಿನಲ್ಲಿ ದೂರು ಇರಲಿಲ್ಲ. ಕೇಳಿದ ನಮಗೆ ಮಾತ್ರ ಉತ್ತರ ಹೊಳೆಯಲಿಲ್ಲ. ಮಗನು, ಹೂವನ್ನು ಉಳಿಸಲಾಗದಿದ್ದರೆ ಅದರ ಪರಿಮಳವನ್ನಾದರೂ ಉಳಿಸಬೇಕೆಂದು ಹಟ ತೊಟ್ಟನು. ನಾವು ಅವನ ಜೊತೆಗೂಡಿದೆವು.

ಮೊದಲನೆಯ ಪ್ರಯತ್ನ ಎಲ್ಲರೂ ಮಾಡತಕ್ಕ ತಪ್ಪು. ತಾಮ್ರದ ಪಾತ್ರೆಯಲ್ಲಿ ಹೂವನ್ನೂ ನೀರನ್ನೂ ಹಾಕಿ ಬಟ್ಟಿ ಇಳಿಸಿದೆವು. ಬಂದುದು ಬೆಂದ ಸೊಪ್ಪಿನ ವಾಸನೆಯ ನೀರು. ಇದಕ್ಕೆ ಕಾರಣವುಂಟು. ಶ್ರೀಗಂಧದ ಚಕ್ಕೆ, ಲಾವಂಚದ ಬೇರು ಮೊದಲಾದವು ತಮ್ಮ ತೈಲವನ್ನು ಒಳಗೆ ಕೂಡಿಟ್ಟುಕೊಂಡಿರುತ್ತವೆ. ಗಂಟೆಗಟ್ಟಲೆ ಆವಿಯಲ್ಲಿ ಬೆಂದರೂ ಕೆಡುವುದಿಲ್ಲ. ಮಲ್ಲಿಗೆ ಹಾಗಲ್ಲ. ಬೆಳಗ್ಗೆ ಕೊಯ್ದ ಮೊಗ್ಗು ಸಂಜೆ ಬಿರಿಯುವಾಗ ಪರಿಮಳವನ್ನು ಆಗಿಂದಾಗ ತಯಾರಿಸುತ್ತ ಗಾಳಿಗೆ ಬಿಡುತ್ತದೆ. ಕುದಿಸಿದರೆ ತಯಾರಕನೇ ಸತ್ತುಹೋಗುತ್ತಾನೆ. ಆದುದರಿಂದ ತಮಿಳುನಾಡಿನ ಮಧುರೆ, ಕೊಯಮತ್ತೂರು ಕಡೆಯ ಕಾರ್ಖಾನೆಗಳಲ್ಲಿ ಹೂವನ್ನು ಕುದಿಸದೆ ಹೆಕ್ಸೇನ್ ಎಂಬ ದ್ರಾವಕದಲ್ಲಿ ತೊಳೆದು, ಮೇಣದಂಥ ಗಟ್ಟಿಯನ್ನು ತೆಗೆದು, ಅದನ್ನು ಮದ್ಯಸಾರದಲ್ಲಿ ಶೋಧಿಸುತ್ತಾರೆ. ಒಂದು ಕಿಲೋ ಸಾರಕ್ಕೆ ನೂರಾರು ಕಿಲೋ ಹೂವು ಬೇಕು. ಹೆಕ್ಸೇನ್ ಬೆಂಕಿಗೆ ಹೆದರಬೇಕಾದ ವಸ್ತು. ಅದು ಮನೆಯ ಹಿತ್ತಿಲಿನ ಕೆಲಸವಲ್ಲ.

ನಮ್ಮ ಹಿರಿಯರಿಗೆ ಬೇರೊಂದು ಉಪಾಯ ಗೊತ್ತಿತ್ತು. ಸಿಪ್ಪೆ ತೆಗೆದ ಎಳ್ಳನ್ನು ಒಂದು ಪದರ, ಬಿರಿಯುವ ಮೊಗ್ಗನ್ನು ಒಂದು ಪದರ ಹರಡಿ ರಾತ್ರಿಯೆಲ್ಲ ಬಿಡುವುದು. ಬೆಳಗ್ಗೆ ಬಾಡಿದ ಹೂವನ್ನು ಆಯ್ದು ಹೊಸ ಮೊಗ್ಗನ್ನು ಹಾಕುವುದು. ಹೀಗೆ ಹಲವು ದಿನ ನಡೆಸಿ ಎಳ್ಳನ್ನು ಹಿಂಡುವುದು. ಎಣ್ಣೆಯು ಪರಿಮಳವನ್ನು ಕುಡಿಯುತ್ತದೆ. ಎರಡನೆಯ ಸಾರಿ ನಾವು ಹೀಗೆಯೇ ಮಾಡಿದೆವು. ಬಾಟಲಿಯ ಬಿರಡೆ ತೆಗೆದಾಗ ಒಳಗೆ ಮಲ್ಲಿಗೆ ಇತ್ತು.

ಇಷ್ಟಕ್ಕೆ ನಿಲ್ಲಿಸಿದ್ದರೆ ಒಳ್ಳೆಯದಾಗುತ್ತಿತ್ತು. ಆದರೆ ಯಶಸ್ಸು ಮನುಷ್ಯನಿಗೆ ದುರಾಸೆಯನ್ನು ಹುಟ್ಟಿಸುತ್ತದೆ. ಶ್ರೀಗಂಧ ಒಳ್ಳೆಯದು, ಅದಿರಲಿ. ಕೇದಗೆ ಒಳ್ಳೆಯದು, ಅದೂ ಇರಲಿ. ಕರ್ಪೂರ, ಏಲಕ್ಕಿ, ಲವಂಗ, ಲಾವಂಚ ಎಲ್ಲವೂ ಒಳ್ಳೆಯವೇ, ಎಲ್ಲವೂ ಇರಲಿ ಎಂದು ಸೇರಿಸಿದೆವು. ಸಿದ್ಧವಾದುದನ್ನು ಅತ್ತರಿನ ವ್ಯಾಪಾರ ಬಲ್ಲ ಹಿರಿಯರೊಬ್ಬರಿಗೆ ತೋರಿಸಿದೆವು. ಅವರು ಮಣಿಕಟ್ಟಿಗೆ ಒಂದು ಹನಿ ಹಚ್ಚಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಸ್ವಾಮಿ, ಇದು ಯಾವ ಮನೆಯದು?" ಎಂದು ಕೇಳಿದರು. ನಾವು ವಿದ್ಯಾರ್ಥಿಯ ಮನೆಯ ಹೆಸರು ಹೇಳಿದೆವು. ಅವರು ನಕ್ಕು, "ಹಾಗಲ್ಲ. ಹೂವಿನದೊ, ಮರದ್ದೊ, ಧೂಪದ್ದೊ? ಇದನ್ನು ಮೂಸಿದರೆ ಗ್ರಂಥಿಗೆ ಅಂಗಡಿಯ ಒಳಗೆ ಹೋದ ಹಾಗಿದೆಯೇ ಹೊರತು ಒಬ್ಬ ಮನುಷ್ಯನ ಪಕ್ಕದಲ್ಲಿ ನಿಂತ ಹಾಗಿಲ್ಲ" ಎಂದರು. ಮೂರು ತಿಂಗಳ ದುಡಿಮೆಗೆ ಸಿಕ್ಕಿದ ಈ ಪ್ರಶ್ನೆಯೇ ನಮ್ಮ ಪಾಲಿನ ಪಾಠವಾಯಿತು.

ದ್ರವ್ಯಗಳನ್ನು ಕೂಡಿಸುವ ದಾರಿಗಳು ಎಷ್ಟಿವೆಯೆಂಬುದನ್ನು ಆರನೆಯ ಶತಮಾನದಲ್ಲಿಯೇ ವರಾಹಮಿಹಿರನು ಲೆಕ್ಕ ಹಾಕಿದ್ದಾನೆ. ಅವನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿಯೆಂಬ ಒಂದು ಅಧ್ಯಾಯವೇ ಉಂಟು. ಹದಿನಾರು ದ್ರವ್ಯಗಳಲ್ಲಿ ಯಾವುದಾದರೂ ನಾಲ್ಕನ್ನು ಆಯ್ದರೆ 1,820 ಬಗೆಯ ಕೂಟಗಳಾಗುತ್ತವೆಂದು ಅವನು ಹೇಳುತ್ತಾನೆ. ಇಂದಿನ ಗಣಿತವೂ ಅದನ್ನೇ ಹೇಳುತ್ತದೆ. ಪ್ರಮಾಣಗಳನ್ನೂ ಬದಲಾಯಿಸುತ್ತ ಹೋದರೆ ಸಂಖ್ಯೆ ಲಕ್ಷವನ್ನು ಮೀರುತ್ತದೆ. ನಮ್ಮ ಕನ್ನಡದಲ್ಲಿಯೂ ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ಸುಗಂಧದ ಪಾಕಗಳುಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಗಂಧವು ರಾಜಭೋಗಗಳಲ್ಲಿ ಒಂದು. ಹದಿನಾರು ದ್ರವ್ಯಗಳಿಗೇ ಇಷ್ಟು ದಾರಿಗಳಾದರೆ, ಸಾವಿರಾರು ದ್ರವ್ಯಗಳನ್ನು ಕಪಾಟಿನಲ್ಲಿಟ್ಟುಕೊಂಡಿರುವ ಇಂದಿನ ಸುಗಂಧಶಿಲ್ಪಿಯ ಗತಿಯೇನು? ಎಲ್ಲವನ್ನೂ ಪರೀಕ್ಷಿಸಿ ನೋಡಲು ಒಂದು ಜನ್ಮ ಸಾಲದು. ದಾರಿ ತೋರಿಸುವ ನಕ್ಷೆ ಬೇಕೇ ಬೇಕು.

ನಕ್ಷೆ ಬರೆಯಲು ಪಾಶ್ಚಾತ್ಯ ವಿದ್ವಾಂಸರು ಹಲವು ಸಾರಿ ಯತ್ನಿಸಿದರು. ಗಿಡಮರಗಳಿಗೆ ಇಮ್ಮಡಿ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಲಿನೇಯಸ್ಸನು 1752ರಲ್ಲಿ ವಾಸನೆಗಳನ್ನು ಏಳು ವರ್ಗ ಮಾಡಿದನು. ಅವನ ಗಮನವೆಲ್ಲ ಔಷಧಿಗಳ ಮೇಲಿದ್ದುದರಿಂದ ಬೆಳ್ಳುಳ್ಳಿಯ ನಾತಕ್ಕೂ ಹೋತದ ನಾತಕ್ಕೂ ಅದರಲ್ಲಿ ಸ್ಥಾನ ದೊರೆಯಿತು. 1857ರಲ್ಲಿ ಪೀಸ್ ಎಂಬ ಸುಗಂಧ ತಯಾರಕನು ಪರಿಮಳಗಳನ್ನು ಸಂಗೀತದ ಸ್ವರಗಳಂತೆ ಮೇಳಕ್ಕೆ ಜೋಡಿಸಿದನು. 1865ರಲ್ಲಿ ರಿಮ್ಮೆಲ್ ಎಂಬವನು ಹದಿನೆಂಟು ಗುಂಪುಗಳನ್ನು ಮಾಡಿದನು. ಇಂದು ಅಂಗಡಿಗಳಲ್ಲಿಯೂ ಪ್ರಯೋಗಶಾಲೆಗಳಲ್ಲಿಯೂ ಹೆಚ್ಚಾಗಿ ಬಳಕೆಯಲ್ಲಿರುವುದು ಮೈಕೇಲ್ ಎಡ್ವರ್ಡ್ಸ್ ಎಂಬವರು ರಚಿಸಿದ ಗಂಧಚಕ್ರ. ಅದರಲ್ಲಿ ನಾಲ್ಕು ದೊಡ್ಡ ಮನೆತನಗಳು, ಅವುಗಳೊಳಗೆ ಕವಲುಗಳು. ಈ ನಾಲ್ಕನ್ನು ನಮ್ಮ ಊರಿನ ವಸ್ತುಗಳಿಂದಲೇ ಪರಿಚಯ ಮಾಡಿಕೊಡುತ್ತೇವೆ.

ಮೊದಲನೆಯದು ಹೂವಿನ ಮನೆತನ. ಉಡುಪಿ ಮಲ್ಲಿಗೆ, ಬೈಂದೂರಿನಿಂದ ಬಡಗಲಿಗೆ ಹೋದರೆ ಭಟ್ಕಳ ಮಲ್ಲಿಗೆ, ಸಂಪಿಗೆ, ಒಣಗಿದರೂ ಕಂಪು ಬಿಡದ ರೆಂಜೆ, ಹಳ್ಳಕೊಳ್ಳಗಳ ಅಂಚಿನ ಕೇದಗೆ, ಮತ್ತು ನಮ್ಮ ಘಟ್ಟದ ತಪ್ಪಲಿನ ಸುರಗಿ. ಸುರಗಿಯ ಮರ ಪಶ್ಚಿಮ ಘಟ್ಟದ್ದೇ ಸಂತಾನ. ಅದರ ಹೂವು ಎಲೆಯ ನಡುವೆ ಅಡಗದೆ ಕೊಂಬೆಯ ಮೈಗೇ ಅಂಟಿಕೊಂಡು ಬಿಡುತ್ತದೆ. ಮೊಗ್ಗನ್ನು ಒಣಗಿಸಿ ಸೀರೆಯ ಪೆಟ್ಟಿಗೆಯಲ್ಲಿಟ್ಟರೆ ಪರಿಮಳ ಬಹುಕಾಲ ಉಳಿಯುತ್ತದೆ.

ಎರಡನೆಯದು ತಂಪಿನ ಮನೆತನ. ನಿಂಬೆ, ಮಾದಲದ ಸಿಪ್ಪೆ, ಮಜ್ಜಿಗೆಹುಲ್ಲು, ತುಳಸಿ, ಜಜ್ಜಿದ ಹಸಿ ಎಲೆ, ಸಮುದ್ರದ ಗಾಳಿ ಇವೆಲ್ಲ ಇದಕ್ಕೆ ಸೇರಿದವು. 1709ರಿಂದ ಕೊಲೋನ್ ನಗರದಲ್ಲಿ ಫರೀನಾ ಮನೆತನದವರು ತಯಾರಿಸುತ್ತ ಬಂದ ಕೊಲೋನ್ ನೀರು ಈ ಗುಂಪಿನ ಹಿರಿಯಣ್ಣ.

ಮೂರನೆಯದು ಮರದ ಮನೆತನ. ಶ್ರೀಗಂಧ, ದೇವದಾರು ಇದರಲ್ಲಿವೆ. ಲಾವಂಚವು ಹುಲ್ಲಿನ ಬೇರಾದರೂ ಗುಣದಿಂದ ಇಲ್ಲಿಗೆ ಸೇರಿದುದು. ಇದರ ಒಂದು ಕವಲಿಗೆ ಪಾಚಿಯ ಕವಲೆಂದು ಹೆಸರು. ಓಕ್ ಮರದ ಮೇಲೆ ಬೆಳೆಯುವ ಒಂದು ಕಲ್ಲುಹೂವಿನ ಜಾತಿ ಅದರ ಜೀವಾಳ. ನಮ್ಮ ಹೆಂಗಸರು ಮಸಾಲೆಗೆ ಹುರಿದು ಹಾಕುವ ಕಲ್ಲುಹೂವು ಅದರ ದಾಯಾದಿ! ಅಡುಗೆಮನೆಯ ಡಬ್ಬಿಯಲ್ಲಿರುವುದು ಪ್ಯಾರಿಸ್ಸಿನ ಕಪಾಟಿನಲ್ಲಿರುವುದಕ್ಕೆ ಬಂಧುವೆಂದು ಎಷ್ಟು ಮಂದಿಗೆ ಗೊತ್ತು?

ನಾಲ್ಕನೆಯದು ಅಂಬರದ ಮನೆತನ. ವೆನಿಲಾ, ಧೂಪದ ಮರದ ರಾಳ, ಲೋಬಾನ, ಏಲಕ್ಕಿ, ಲವಂಗ, ದಾಲಚಿನ್ನಿ ಮೊದಲಾದ ಬೆಚ್ಚನೆಯ ವಸ್ತುಗಳು ಇದರವು. ಬಹುಕಾಲ ಇದಕ್ಕೆ 'ಪೂರ್ವದೇಶದ ಮನೆತನ' ಎಂದು ಹೆಸರಿತ್ತು. ಯಾರಿಗೆ ಪೂರ್ವ ಎಂದು ಕೇಳುವವರು ಹೆಚ್ಚಿದ ಮೇಲೆ ಇತ್ತೀಚಿನ ವರ್ಷಗಳಲ್ಲಿ ಆ ಹೆಸರನ್ನು ಬಿಟ್ಟು ಅಂಬರವೆಂಬುದನ್ನು ರೂಢಿಗೆ ತಂದಿದ್ದಾರೆ. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಸುಗಂಧಶಿಲ್ಪಿಯ ಈ ಅಂಬರ ರಾಳ ಮತ್ತು ವೆನಿಲಾಗಳ ಕೂಟ. ತಿಮಿಂಗಿಲದ ಒಡಲಿನಿಂದ ಬರುವ ಅಂಬರ್ ಗ್ರಿಸ್ ಬೇರೆ. ಎರಡನೆಯದು ನಮ್ಮ ಕಡಲತೀರದಲ್ಲಿ ಯಾರ ಕೈಗಾದರೂ ಸಿಕ್ಕಿದರೆ ಭಾಗ್ಯ ತೆರೆಯಿತೆಂದು ಹಿಗ್ಗಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಮಾರುವುದು ಅಪರಾಧ.

ಇನ್ನು, ಈ ಚಕ್ರದಿಂದ ಪ್ರಯೋಜನವೇನು? ಪ್ರಯೋಜನ ಮೂರು ಬಗೆ. ಒಂದು, ಆರಂಭದಲ್ಲಿಯೇ 'ನನ್ನದು ಯಾವ ಮನೆ' ಎಂದು ನಿರ್ಧರಿಸಿಕೊಳ್ಳುವುದರಿಂದ ಬೇಡದ ದಾರಿಗಳು ತಾವಾಗಿಯೇ ಮುಚ್ಚಿಹೋಗುತ್ತವೆ. ವರಾಹಮಿಹಿರನ 1,820 ದಾರಿಗಳು ಇಪ್ಪತ್ತು ಮೂವತ್ತಕ್ಕೆ ಇಳಿಯುತ್ತವೆ. ಎರಡು, ಚಕ್ರದಲ್ಲಿ ಅಕ್ಕಪಕ್ಕದಲ್ಲಿರುವವು ಸುಲಭವಾಗಿ ಹೊಂದುತ್ತವೆ. ಎದುರುಬದುರಾಗಿರುವವನ್ನು ಸೇರಿಸಬಹುದಾದರೂ ಪ್ರಮಾಣದಲ್ಲಿ ಎಚ್ಚರ ಬೇಕು. ಮೂರು, ಕೊಳ್ಳುವವನೂ ಮಾಡುವವನೂ ಒಂದೇ ಮಾತಿನಲ್ಲಿ ವ್ಯವಹರಿಸಬಹುದು. 'ಚೆನ್ನಾಗಿದೆ, ಆದರೆ ಏನೋ ಸಾಲದು' ಎಂಬ ಮಾತಿನಿಂದ ಯಾವ ಸುಧಾರಣೆಯೂ ಆಗದು. 'ಹೂವು ಸರಿ, ಮರ ಸಾಲದು' ಎಂದರೆ ಕೆಲಸ ಮುಂದುವರಿಯುತ್ತದೆ.

ಮನೆತನದ ಜೊತೆಗೆ ವೇಗವನ್ನೂ ನೋಡಬೇಕು. ನಿಂಬೆಯಂಥವು ಹಚ್ಚಿದ ಕೆಲವು ನಿಮಿಷಗಳಲ್ಲಿಯೇ ಹಾರಿಹೋಗುತ್ತವೆ. ಹೂಗಳು ಕೆಲವು ಗಂಟೆ ನಿಲ್ಲುತ್ತವೆ. ಗಂಧ, ಲಾವಂಚ, ರಾಳಗಳು ಮರುದಿನವೂ ಬಟ್ಟೆಯಲ್ಲಿರುತ್ತವೆ. ಬಡಗುತಿಟ್ಟಿನ ಯಕ್ಷಗಾನವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚೆಂಡೆ ಸಮಯ ಬಂದಾಗ ಮೊಳಗುತ್ತದೆ, ಮದ್ದಳೆ ಜೊತೆಗೂಡಿ ನಡೆಯುತ್ತದೆ, ಶ್ರುತಿ ಮೊದಲಿನಿಂದ ಕೊನೆಯವರೆಗೆ ನಿಂತಿರುತ್ತದೆ. ಮೂರೂ ಒಂದೇ ಸಮನೆ ಗಟ್ಟಿಯಾಗಿ ಮೊಳಗಿದರೆ ಭಾಗವತರ ಪದ ಯಾರ ಕಿವಿಗೂ ಬೀಳದು. ನಮ್ಮ ಮೊದಲಿನ ಮಿಶ್ರಣದಲ್ಲಿ ಆದದ್ದು ಅದೇ. ಕರ್ಪೂರ, ಲವಂಗಗಳ ಗದ್ದಲದಲ್ಲಿ ಮಲ್ಲಿಗೆಯ ಪದ ಮುಳುಗಿಹೋಗಿತ್ತು.

ಆದರೆ ಈ ಮನೆತನಗಳು ಪ್ರಕೃತಿಯ ಶಾಸನವೆಂದು ಯಾರೂ ಭ್ರಮಿಸಬಾರದು. ಅವು ಮನುಷ್ಯರು ಮಾಡಿಕೊಂಡ ಏರ್ಪಾಡು. ಇದಕ್ಕೆ ಒಂದು ಸ್ವಾರಸ್ಯವಾದ ದೃಷ್ಟಾಂತವುಂಟು. 1882ರಲ್ಲಿ ಊಬಿಗಾಂ ಎಂಬ ಫ್ರೆಂಚ್ ಸಂಸ್ಥೆಯವರು ಫೂಜೇರ್ ರೋಯಾಲ್ ಎಂಬ ಸುಗಂಧವನ್ನು ಹೊರತಂದರು. ಫೂಜೇರ್ ಎಂದರೆ ಜರಿಗಿಡ. ಜರಿಗಿಡಕ್ಕೆ ಹೇಳಿಕೊಳ್ಳುವಂಥ ಪರಿಮಳವೇ ಇಲ್ಲ! ಪರ್ಕಿನ್ ಎಂಬ ರಸಾಯನಶಾಸ್ತ್ರಜ್ಞನು 1868ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಿದ್ದ, ಒಣಹುಲ್ಲಿನ ಕಂಪಿನ ಕೂಮರಿನ್ ಎಂಬ ವಸ್ತುವನ್ನು ಬಳಸಿ, ಜರಿಗಿಡಕ್ಕೆ ಪರಿಮಳವಿದ್ದರೆ ಹೇಗಿರುತ್ತಿತ್ತೆಂದು ಅವರು ಊಹಿಸಿದರು. ಜನರು ಮೆಚ್ಚಿದರು, ಇತರರು ಅನುಸರಿಸಿದರು, ಒಂದು ಮನೆತನವೇ ಹುಟ್ಟಿತು. 1917ರಲ್ಲಿ ಕೋಟಿ ಎಂಬವನ ಶೀಪ್ರ್ ಎಂಬ ಸುಗಂಧದಿಂದ ಪಾಚಿಯ ಕವಲು ಬಲವಾದುದೂ ಹೀಗೆಯೇ. ಒಬ್ಬನು ಹದವಾಗಿ ಕೂಡಿಸಿದರೆ, ಮುಂದಿನವರಿಗೆ ಅದೇ ಮನೆಯಾಗುತ್ತದೆ.

ನಮ್ಮ ನಾಡಿನಲ್ಲಿಯೂ ಹೀಗೆ ನಡೆದುದುಂಟು. ಮೈಸೂರಿನ ಶ್ರೀಗಂಧದ ಮರ ಒಂದು ಕಾಲದಲ್ಲಿ ಹಡಗೇರಿ ಯೂರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾಗಿ ಆ ವ್ಯಾಪಾರ ಕಡಿದುಬಿದ್ದಿತು. ಮಾರಾಟವಾಗದ ಮರ ರಾಶಿ ಬಿದ್ದಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ನೆರವಿನಿಂದ ಎಣ್ಣೆಯನ್ನು ಇಲ್ಲಿಯೇ ಇಳಿಸಲು ಕಲಿತು, 1916ರಲ್ಲಿ ಮೈಸೂರಿನಲ್ಲಿ ಕಾರ್ಖಾನೆಯನ್ನು ತೆರೆದರು. 1918ರಲ್ಲಿ ಮೈಸೂರು ಸ್ಯಾಂಡಲ್ ಸಾಬೂನು ಬಂತು. ಅದರ ಪರಿಮಳವನ್ನು ಇಂದಿಗೂ ಕಣ್ಣು ಮುಚ್ಚಿ ಗುರುತಿಸದ ಕನ್ನಡಿಗರು ವಿರಳ. ಯುದ್ಧದಿಂದ ಮಾರುಕಟ್ಟೆ ಮುಚ್ಚಿದಾಗ ರಾಶಿ ಬಿದ್ದ ಮರಕ್ಕೂ, ವ್ಯಾಧಿಯಿಂದ ಮಾರುಕಟ್ಟೆ ಮುಚ್ಚಿದಾಗ ತೆಂಗಿನ ಬುಡ ಸೇರಿದ ಹೂವಿಗೂ ನಮ್ಮ ದೃಷ್ಟಿಯಲ್ಲಿ ವ್ಯತ್ಯಾಸ ಹೆಚ್ಚಿಲ್ಲ. ಅಲ್ಲಿ ವಿದ್ಯೆಯೂ ಸರ್ಕಾರವೂ ಕೈಹಿಡಿದವು. ಇಲ್ಲಿ ಇನ್ನೂ ಹಿಡಿಯಬೇಕಾಗಿದೆ.

ನಮ್ಮ ಕಥೆಯನ್ನು ಮುಗಿಸುತ್ತೇವೆ. ಹಿರಿಯ ವ್ಯಾಪಾರಿಯ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಾವು ಮತ್ತೆ ಕುಳಿತೆವು. ಈ ಸಾರಿ ಮೊದಲು ಕಾಗದದ ಮೇಲೆ ಬರೆದುಕೊಂಡೆವು: ಮನೆ, ಹೂವಿನದು, ಎದುರುಮನೆ, ಮರದ್ದು, ಮೂರನೆಯವರಿಗೆ ಪ್ರವೇಶವಿಲ್ಲ. ಮಲ್ಲಿಗೆ ಕುಡಿದ ಎಳ್ಳೆಣ್ಣೆ ಹೆಚ್ಚು ಪಾಲು; ಸುರಗಿ ಕುಡಿದದ್ದು ಅದರ ಕಾಲುಭಾಗ; ಅಡಿಯಲ್ಲಿ ಲಾವಂಚದ ಕೆಲವೇ ಹನಿ. ಶ್ರೀಗಂಧ ನಮ್ಮ ಕೈಗೆಟುಕುವ ಬೆಲೆಯದಲ್ಲವಾದುದರಿಂದ ಅದನ್ನು ಬಿಟ್ಟೆವು. ಕಲ್ಲುಹೂವನ್ನು ಸೇರಿಸುವ ಆಸೆಯನ್ನೂ ಬಿಟ್ಟೆವು. ಅದರ ದಾಯಾದಿಯಾದ ಓಕ್ ಪಾಚಿಯು ಕೆಲವರ ಚರ್ಮಕ್ಕೆ ಒಗ್ಗದೆ, ಅದರ ಬಳಕೆಗೆ ಸುಗಂಧೋದ್ಯಮದವರು ಮಿತಿ ಹಾಕಿಕೊಂಡಿರುವುದನ್ನು ಓದಿದ್ದೆವು. ಒಂದೊಂದು ಹನಿಯನ್ನು ಸೇರಿಸಿದಾಗಲೂ ದಿನ, ಪ್ರಮಾಣಗಳನ್ನು ಬರೆದಿಟ್ಟೆವು. ಹನ್ನೊಂದನೆಯ ಬಾಟಲಿಯನ್ನು ಆ ತಾಯಿಯ ಕೈಗೆ ಕೊಟ್ಟೆವು. ಅವರು ಮೂಸಿ, ಸೆರಗಿನ ತುದಿಗೆ ಹಚ್ಚಿಕೊಂಡು, ಒಳಗೆ ಹೋದರು. ಮರುದಿನ ಬೆಳಗ್ಗೆ ಸೆರಗನ್ನು ಮತ್ತೆ ಮೂಸಿ ನೋಡಿ, "ಇವತ್ತೂ ಇತ್ತ್" ಎಂದರು. ಒಂದು ದಿನದ ಆಯುಸ್ಸಿನ ಹೂವಿಗೆ ಎರಡನೆಯ ದಿನವನ್ನು ಸಂಪಾದಿಸಿಕೊಟ್ಟ ತೃಪ್ತಿ ನಮಗಾಯಿತು.

ಇದರಿಂದ ಆ ಮನೆಗೆ ಐಶ್ವರ್ಯ ಬಂತೆಂದು ಹೇಳಿದರೆ ಸುಳ್ಳಾದೀತು. ಎಳ್ಳೆಣ್ಣೆ ಕೆಲವು ತಿಂಗಳಲ್ಲಿ ಕಮಟು ಹಿಡಿಯುತ್ತದೆ; ಅದನ್ನು ತಡೆಯುವ ಕ್ರಮ ನಮಗೆ ಪೂರ್ತಿಯಾಗಿ ಕೈಗೂಡಿಲ್ಲ. ಒಂದು ಹಿತ್ತಿಲಿನ ಕೆಲಸ ಒಂದು ಜಿಲ್ಲೆಯ ಕೆಲಸವಾಗಬೇಕಾದರೆ ದ್ರಾವಕದ ಯಂತ್ರ, ಪರೀಕ್ಷಾಲಯ, ಬೆಳೆಗಾರರ ಸಹಕಾರ ಸಂಘ ಎಲ್ಲವೂ ಬೇಕು. ಬ್ರಹ್ಮಾವರದಲ್ಲಿ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವುಂಟು. ಕುಂದಾಪುರದಲ್ಲಿ ವಿಜ್ಞಾನದ ಕಾಲೇಜುಂಟು. ಬೈಂದೂರು, ಕೊಲ್ಲೂರುಗಳ ಕಾಡಂಚಿನಲ್ಲಿ ಸುರಗಿಯನ್ನು ಬಲ್ಲವರು ಇನ್ನೂ ಇದ್ದಾರೆ. ಆದರೆ ಮರ ಹತ್ತಿ ಕೊಯ್ಯುವವರು ನಾವು ಕಂಡ ಹಳ್ಳಿಗಳಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಹೂವಿಗೆ ಬೆಲೆಯಿಲ್ಲವಾದರೆ ಮರವು ಸೌದೆಯ ಲೆಕ್ಕಕ್ಕೆ ಸೇರುತ್ತದೆ. ಮರ ಹೋದ ಮೇಲೆ ಅದರ ಪರಿಮಳವನ್ನು ಯಾವ ಚಕ್ರದಲ್ಲಿ ಬರೆದಿಟ್ಟರೂ ಮೂಗಿಗೆ ದೊರೆಯದು.

ಆದುದರಿಂದ ತಮ್ಮಲ್ಲಿ ನಮ್ಮದೊಂದು ಸಣ್ಣ ಬಿನ್ನಹ. ತಮ್ಮ ಮನೆಯ ಸುತ್ತಲಿನ ಪರಿಮಳಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಯಾವ ತಿಂಗಳಲ್ಲಿ ಯಾವುದು ಅರಳುತ್ತದೆ, ದಿನದ ಯಾವ ಹೊತ್ತಿನಲ್ಲಿ ಕಂಪು ಹೆಚ್ಚು, ಒಣಗಿದರೆ ಉಳಿಯುತ್ತದೆಯೆ, ಹಿರಿಯರು ಅದನ್ನು ಯಾವುದರ ಜೊತೆಗೆ ಸೇರಿಸುತ್ತಿದ್ದರು ಎಂಬುದನ್ನು ಗುರುತು ಮಾಡಿ, ಪಕ್ಕದಲ್ಲಿ ಅದರ ಮನೆತನವನ್ನು ಬರೆಯಿರಿ. ಯಾವ ಮನೆಗೂ ಸೇರದ ಪರಿಮಳವೊಂದು ಸಿಕ್ಕಿದರೆ ಅದನ್ನು ತಪ್ಪೆಂದು ಹೊಡೆದುಹಾಕಬೇಡಿ. ಪರಿಮಳವೇ ಇಲ್ಲದ ಜರಿಗಿಡದ ಹೆಸರಿನಲ್ಲಿ ಒಂದು ಮನೆತನ ಬಾಳಿದೆಯಾದರೆ, ನಮ್ಮ ಸುರಗಿಯ ಹೆಸರಿನಲ್ಲಿ ಒಂದು ಬಾಳಬಾರದೆಂದೇನೂ ಇಲ್ಲ.